ಮಾತ್ರೆಯ ಮೇಲೆ ಕನ್ನಡ ಬೇಕು, ದುಡಿಮೆಯ ನಡುವೆ ಊಟ ಬೇಕು

ಸಕ್ಕರೆ ಕಾಯಿಲೆ ಉಳ್ಳವರ ಕಾಯಿಲೆ, ಕೂತು ಉಣ್ಣುವವರ ಕಾಯಿಲೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತು ಇಂದು ಸುಳ್ಳಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಲೆಕ್ಕದಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ರೋಗವಿದೆ. 10 ಕೋಟಿ ಉಳ್ಳವರನ್ನು ಈ ದೇಶದಲ್ಲಿ ಯಾರು ಕಂಡಿದ್ದಾರೆ? ಹಾಗಾದರೆ ಈ ರೋಗಿಗಳು ಯಾರು? ನಾವೇ. ಅಡಿಕೆ ಸುಲಿಯುವ ಹೆಣ್ಣುಮಕ್ಕಳು, ಅಕ್ಕಿ ಗಿರಣಿಯ ಹಮಾಲರು, ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮುಂದೆ ಮೈ ಸುಟ್ಟುಕೊಳ್ಳುವವರು, ಸಂತೇಬೆನ್ನೂರಿನ ಬೀದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯ ಗಲ್ಲಾ ಬಿಟ್ಟು ಏಳಲಾರದವರು.

ಈ ರೋಗದ ಬಗ್ಗೆ ಉಪದೇಶಕ್ಕೇನೂ ಕೊರತೆಯಿಲ್ಲ. ಸಕ್ಕರೆ ಏರಿದರೆ ಕಾಲು ಹೋಗುತ್ತದೆ, ಕಣ್ಣು ಹೋಗುತ್ತದೆ, ಮೂತ್ರಪಿಂಡ ಕೆಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಸಕ್ಕರೆ ಇಳಿದರೆ ಒಂದೇ ರಾತ್ರಿಯಲ್ಲಿ ಜೀವ ಹೋಗಬಹುದು, ಅದನ್ನು ಇಳಿಸುವುದು ನಾವು ನಂಬಿ ನುಂಗುವ ಮಾತ್ರೆಯೇ ಆಗಿರಬಹುದು ಎಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳುವವರು ಕಡಿಮೆ. ಇಂದು ನಾವು ಹೇಳಹೊರಟಿರುವುದು ಅದನ್ನೇ. ಮೊದಲೇ ಒಂದು ಮಾತು: ಮಾತ್ರೆ ಬಿಡಿರೆಂದು ನಾವು ಯಾರಿಗೂ ಹೇಳುತ್ತಿಲ್ಲ. ಮಾತ್ರೆ ಬಿಟ್ಟು ಕೆಟ್ಟವರು ಬಹಳ ಮಂದಿ. ಮಾತ್ರೆ ಏನು ಮಾಡುತ್ತದೆಂದು ತಿಳಿದು ನುಂಗುವುದು ದುಡಿಯುವವರ ಹಕ್ಕು. ಆ ತಿಳಿವಳಿಕೆಯನ್ನು ಅವರಿಗೆ ತಲುಪದಂತೆ ಇಟ್ಟಿರುವುದು ಅನ್ಯಾಯ. ಇದು ನಮ್ಮ ವಾದ.

ಸಕ್ಕರೆ ಕಾಯಿಲೆಗೆ ಕೊಡುವ ಮಾತ್ರೆಗಳಲ್ಲಿ ಹಲವು ಜಾತಿ ಇವೆ. ಬಡವರ ಮನೆಯಲ್ಲಿ ಹೆಚ್ಚಾಗಿ ಕಾಣುವುದು ಎರಡು. ಒಂದು ಮೆಟ್‌ಫಾರ್ಮಿನ್. ಇನ್ನೊಂದು ಸಲ್ಫೊನಿಲ್ ಯೂರಿಯಾ ಎಂಬ ವಂಶದ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಾಜೈಡ್ ಮುಂತಾದವು. ಈ ಎರಡನೆಯ ವಂಶದ ಹುಟ್ಟಿನ ಕಥೆಯೇ ಒಂದು ಎಚ್ಚರಿಕೆ. 1942ರಲ್ಲಿ, ಇಲ್ಲಿ ಕ್ವಿಟ್ ಇಂಡಿಯಾ ಚಳವಳಿ ನಡೆಯುತ್ತಿದ್ದ ವರ್ಷ, ಫ್ರಾನ್ಸ್ ದೇಶದ ಮಾಂಪೆಲಿಯೆ ಊರಿನ ಆಸ್ಪತ್ರೆಯಲ್ಲಿ ಮಾರ್ಸೆಲ್ ಜಾಂಬೊಂ ಎಂಬ ವೈದ್ಯರು ವಿಷಮಶೀತ ಜ್ವರದವರಿಗೆ ಹೊಸದೊಂದು ಸಲ್ಫಾ ಔಷಧಿ ಕೊಟ್ಟು ನೋಡುತ್ತಿದ್ದರು. ಯುದ್ಧದ ಕಾಲ, ಪಡಿತರದ ಊಟ. ಔಷಧಿ ತೆಗೆದುಕೊಂಡ ರೋಗಿಗಳಿಗೆ ಕಾರಣ ತಿಳಿಯದ ಸಂಕಟ ಶುರುವಾಯಿತು, ಕೆಲವರು ತೀರಿಯೇ ಹೋದರು. ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಅದೇ ಊರಿನ ಆಗುಸ್ತ್ ಲುಬಾತಿಯೇರ್ ಎಂಬ ವಿಜ್ಞಾನಿ ಅದರ ಕಾರಣ ಹುಡುಕಿದರು. ಆ ಶೋಧದಿಂದಲೇ 1950ರ ದಶಕದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳು ಹುಟ್ಟಿದವು. ಅಂದರೆ ಈ ಮಾತ್ರೆಗೆ ಸಕ್ಕರೆ ಇಳಿಸುವ ಗುಣವಿದೆಯೆಂದು ಜಗತ್ತಿಗೆ ಗೊತ್ತಾದದ್ದೇ ಅದು ಮಿತಿಮೀರಿ ಇಳಿಸಿದಾಗ.

ಇದು ಕೆಲಸ ಮಾಡುವ ಬಗೆ ಗಿರಣಿಯವರಿಗೆ ಸುಲಭವಾಗಿ ತಿಳಿಯುತ್ತದೆ. ನಮ್ಮ ಹೊಟ್ಟೆಯ ಹಿಂದೆ ಮೇದೋಜೀರಕ ಎಂಬ ಗ್ರಂಥಿಯಿದೆ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಅದು ಇನ್ಸುಲಿನ್ ಎಂಬ ರಸವನ್ನು ಬಿಡುತ್ತದೆ. ಅನ್ನ ಬಂದರೆ ರಸ, ಅನ್ನ ನಿಂತರೆ ರಸವೂ ನಿಲ್ಲಬೇಕು. ದೇಹದ ನಿಯಮ ಇದು. ಈ ಮಾತ್ರೆ ಆ ನಿಯಮವನ್ನು ಕೇಳುವುದಿಲ್ಲ. ಅನ್ನ ಬಂದಿದೆಯೋ ಇಲ್ಲವೋ ನೋಡದೆ ಗ್ರಂಥಿಯನ್ನು ಹಿಂಡುತ್ತದೆ. ಕಾಳು ಹಾಕದೆ ಬೀಸುವ ಗಿರಣಿಯನ್ನು ಓಡಿಸಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆಯಲ್ಲವೇ? ಹೊಟ್ಟೆಗೆ ಅನ್ನವಿಲ್ಲದೆ ಮಾತ್ರೆ ಓಡಿದರೂ ಹಾಗೆಯೇ. ರಕ್ತದಲ್ಲಿ ಉಳಿದಿದ್ದ ಸಕ್ಕರೆಯೂ ಖಾಲಿಯಾಗಿ ಮಿದುಳಿಗೆ ಆಹಾರ ಸಿಗದಂತಾಗುತ್ತದೆ.

ಆದ್ದರಿಂದ 'ಮಾತ್ರೆ ಹೆಚ್ಚಾಯಿತು' ಎಂದರೆ ಒಂದರ ಬದಲು ಹತ್ತು ನುಂಗಿದರು ಎಂದಷ್ಟೇ ಅರ್ಥವಲ್ಲ. ನಿನ್ನೆ ಸರಿಯಾಗಿದ್ದ ಒಂದೇ ಮಾತ್ರೆ ಇಂದು ಊಟ ತಪ್ಪಿದರೆ ಹೆಚ್ಚಾಗುತ್ತದೆ. ಮೂತ್ರಪಿಂಡ ಸೋತವರಲ್ಲಿ ಔಷಧಿ ಹೊರಗೆ ಹೋಗದೆ ಉಳಿದು ಹೆಚ್ಚಾಗುತ್ತದೆ. ಒಂದೇ ಔಷಧಿಯನ್ನು ಎರಡು ಹೆಸರಿನಲ್ಲಿ ನುಂಗಿದರೂ ಹೆಚ್ಚಾಗುತ್ತದೆ. ಈ ಮೂರೂ ದುಡಿಯುವವರ ಮನೆಯ ಸಂಗತಿಗಳೇ.

ಮೊದಲು ಊಟದ ವಿಷಯ. ಡಾಕ್ಟರು 'ಹೊತ್ತಿಗೆ ಸರಿಯಾಗಿ ಊಟ ಮಾಡಿ' ಎನ್ನುತ್ತಾರೆ. ಹೊತ್ತು ಯಾರ ಕೈಯಲ್ಲಿದೆ? ಲೋಡು ಬಂದರೆ ಹಮಾಲ ಊಟದ ಡಬ್ಬಿ ಮುಚ್ಚಬೇಕು. ಅಡಿಕೆ ಸುಗ್ಗಿಯಲ್ಲಿ ಸುಲಿಯುವವರಿಗೆ ಲೆಕ್ಕ ಕಿಲೋದ ಮೇಲೆ. ಎದ್ದು ಉಂಡರೆ ಕೂಲಿ ಕಡಿಮೆ. ರಾತ್ರಿ ಪಾಳಿಯವರು ಬೆಳಿಗ್ಗೆ ಮಾತ್ರೆ ನುಂಗಿ ಮಲಗಿದರೆ ಏಳುವುದು ಮಧ್ಯಾಹ್ನ ಕಳೆದ ಮೇಲೆ. ಸಂತೆಯ ದಿನ ಸಣ್ಣ ವ್ಯಾಪಾರಿ ಬರಿ ಚಹಾದ ಮೇಲೆ ದಿನ ದೂಡುತ್ತಾನೆ. ಸೋಮವಾರದ ಒಪ್ಪೊತ್ತು, ಏಕಾದಶಿ, ಶಿವರಾತ್ರಿ, ರಂಜಾನ್ ರೋಜಾ ಇವೆಲ್ಲ ಬೇರೆ. ಅಂಥ ದಿನಗಳಲ್ಲಿ ಮಾತ್ರೆಯನ್ನು ಏನು ಮಾಡಬೇಕೆಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಕೇಳುವ ಧೈರ್ಯ ನಮಗಿರಬೇಕು, ಹೇಳುವ ವ್ಯವಧಾನ ಅವರಿಗಿರಬೇಕು. ಇನ್ನು ಮಾಲೀಕರಿಗೆ ಒಂದು ಮಾತು. ಐದು ಗಂಟೆಗಿಂತ ಹೆಚ್ಚು ಕಾಲ ಬಿಡುವಿಲ್ಲದೆ ಯಾರನ್ನೂ ದುಡಿಸಕೂಡದು, ಅಷ್ಟರೊಳಗೆ ಅರ್ಧ ಗಂಟೆಯಾದರೂ ವಿರಾಮ ಕೊಡಬೇಕೆಂದು 1948ರ ಕಾರ್ಖಾನೆ ಕಾಯಿದೆಯಲ್ಲಿಯೇ ಬರೆದಿತ್ತು. ಕಾಯಿದೆಗಳ ಹೆಸರು ಬದಲಾಗಬಹುದು, ಹೊಟ್ಟೆಯ ನಿಯಮ ಬದಲಾಗುವುದಿಲ್ಲ. ಸಕ್ಕರೆ ಕಾಯಿಲೆಯವನಿಗೆ ಊಟದ ವಿರಾಮ ಔಷಧಿಯ ಒಂದು ಭಾಗ. ಅದನ್ನು ಕಸಿದುಕೊಂಡವನು ಅವನ ಮಾತ್ರೆಯ ಅಳತೆಯನ್ನು ಕೆಡಿಸಿದಂತೆ.

ಎರಡನೆಯದು ಹೆಸರಿನ ವಿಷಯ. ನಮ್ಮ ಹೋಬಳಿಯ ಒಬ್ಬ ಕೂಲಿಕಾರ ಚನ್ನಗಿರಿಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಅಮರಿಲ್ ಎಂಬ ಮಾತ್ರೆ ತಂದನೆನ್ನೋಣ. ಎರಡು ತಿಂಗಳಾದ ಮೇಲೆ ದಾವಣಗೆರೆಯಲ್ಲಿ ಬೇರೊಬ್ಬ ಡಾಕ್ಟರು ಗ್ಲೈಕೊಮೆಟ್ ಜಿಪಿ ಬರೆದುಕೊಟ್ಟರು. ಹೆಸರು ಬೇರೆ, ಬಣ್ಣ ಬೇರೆ, ಕಂಪನಿ ಬೇರೆ. ಹಳೆಯ ಶೀಟಿನಲ್ಲಿ ಮಾತ್ರೆ ಉಳಿದಿದೆ. ದುಡ್ಡು ಕೊಟ್ಟು ತಂದದ್ದನ್ನು ಬಿಸಾಡಲು ಬಡವನಿಗೆ ಮನಸ್ಸು ಬರುವುದಿಲ್ಲ. ಎರಡನ್ನೂ ನುಂಗುತ್ತಾನೆ. ಅಮರಿಲ್ ಎಂದರೆ ಗ್ಲಿಮೆಪಿರೈಡ್, ಜಿಪಿ ಎಂದರೆ ಮೆಟ್‌ಫಾರ್ಮಿನ್ ಜೊತೆಗೆ ಅದೇ ಗ್ಲಿಮೆಪಿರೈಡ್ ಎಂದು ಅವನಿಗೆ ಯಾರು ಹೇಳಬೇಕು? ಇದರ ಮೇಲೆ ಸರ್ಕಾರದ ಮಾತ್ರೆಯೂ ಮನೆಗೆ ಬರುತ್ತದೆ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೆ ಹಬ್ಬಿದ ಗೃಹ ಆರೋಗ್ಯ ಯೋಜನೆಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಮನೆಬಾಗಿಲಿಗೆ ಮಾತ್ರೆ ತರುವವರು ಮನೆಯೊಳಗೆ ಈಗಾಗಲೇ ಯಾವ ಮಾತ್ರೆ ಇದೆಯೆಂದು ಡಬ್ಬಿ ತೆಗೆಸಿ ನೋಡದೆ ಹೋದರೆ ಉಪಕಾರವೇ ಅಪಾಯವಾಗುತ್ತದೆ.

ಮಾತ್ರೆಯ ಶೀಟನ್ನು ತಿರುಗಿಸಿ ನೋಡಿ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇದನ್ನು ಸೇವಿಸುವುದು ಅಪಾಯಕರ ಎಂಬ ಎಚ್ಚರಿಕೆ ಈ ಜಾತಿಯ ಹಲವು ಮಾತ್ರೆಗಳ ಮೇಲೆ ಕಾನೂನಿನಂತೆ ಅಚ್ಚಾಗಿರುತ್ತದೆ. ಆದರೆ ಇಂಗ್ಲಿಷಿನಲ್ಲಿ, ಇರುವೆಯ ಕಾಲಿನಷ್ಟು ಅಕ್ಷರದಲ್ಲಿ. ಔಷಧಿಯ ಮೂಲ ಹೆಸರನ್ನು ಕಂಪನಿ ಇಟ್ಟ ಹೆಸರಿಗಿಂತ ದೊಡ್ಡದಾಗಿ ಅಚ್ಚು ಹಾಕಬೇಕೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಒಳ್ಳೆಯದೇ. ದೊಡ್ಡದಾಗಿ ಬರೆದ ಇಂಗ್ಲಿಷೂ ಇಂಗ್ಲಿಷೇ! ಕನ್ನಡ ಮಾತ್ರ ಬಲ್ಲವನಿಗೆ ಅದರಿಂದ ಏನು ಬಂತು?

ಇಲ್ಲಿ ನಮ್ಮ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಭತ್ತಕ್ಕೂ ಅಡಿಕೆಗೂ ಹೊಡೆಯುವ ಕೀಟನಾಶಕದ ಜೊತೆಗೆ ಒಂದು ಚೀಟಿ ಬರುತ್ತದೆ. ಆ ಚೀಟಿ ಹಿಂದಿ, ಇಂಗ್ಲಿಷ್ ಅಲ್ಲದೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲಿಯೂ ಇರಬೇಕೆಂದು 1971ರ ಕೀಟನಾಶಕ ನಿಯಮಾವಳಿ ಹೇಳುತ್ತದೆ. ವಿಷದ ತೀವ್ರತೆಯನ್ನು ಓದು ಬಾರದವನೂ ಅರಿಯಲೆಂದು ಕೆಂಪು, ಹಳದಿ, ನೀಲಿ, ಹಸಿರು ಎಂದು ಬಣ್ಣದ ಗುರುತನ್ನೂ ಹಾಕಿರುತ್ತಾರೆ. ಬೀಡಿ ಕಟ್ಟಿನ ಮೇಲೂ ಚಿತ್ರ ಸಹಿತ ಎಚ್ಚರಿಕೆ ಇದೆ. ಗಿಡಕ್ಕೆ ಹೊಡೆಯುವ ವಿಷಕ್ಕೆ ನಮ್ಮ ಭಾಷೆ ಬೇಕು, ಮನುಷ್ಯ ನುಂಗುವ ಔಷಧಿಗೆ ಬೇಡ. ಇದು ಯಾವ ನ್ಯಾಯ?

ಕರ್ನಾಟಕದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರನ್ನೂ ಬಳಕೆಯ ಸೂಚನೆಯನ್ನೂ ಕನ್ನಡದಲ್ಲಿಯೂ ಅಚ್ಚು ಹಾಕಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ರ ಅಡಿಯಲ್ಲಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ಆದರೆ ನಮ್ಮ ಅಂಗಡಿಗಳಿಗೆ ಬರುವ ಎಷ್ಟೋ ಮಾತ್ರೆಗಳು ಹಿಮಾಚಲ ಪ್ರದೇಶದಲ್ಲಿಯೋ ಸಿಕ್ಕಿಂನಲ್ಲಿಯೋ ತಯಾರಾದವು. ಆದೇಶದ ಕೈ ಅಲ್ಲಿಯವರೆಗೆ ಚಾಚುವುದಿಲ್ಲ. ಆಡಳಿತ ಜನರ ಭಾಷೆಯಲ್ಲಿ ನಡೆಯಬೇಕೆಂದು ಲೋಹಿಯಾ ಅವರು ದೇಶದ ತುಂಬ, ಶಾಂತವೇರಿ ಗೋಪಾಲಗೌಡರು ನಮ್ಮ ಶಾಸನಸಭೆಯಲ್ಲಿ ಹೋರಾಡಿದಾಗ ಅದನ್ನು ಬರಿ ಅಭಿಮಾನದ ಮಾತೆಂದು ನಕ್ಕವರಿದ್ದರು. ಮಾತ್ರೆಯ ಶೀಟನ್ನು ಕೈಯಲ್ಲಿ ಹಿಡಿದು ನೋಡಿದರೆ ಅದು ಪ್ರಾಣದ ಮಾತೆಂದು ತಿಳಿಯುತ್ತದೆ.

ಶೀಟಿನ ಮೇಲೆ ಜಾಗವೆಲ್ಲಿದೆ ಎಂದು ಕಂಪನಿಗಳು ಕೇಳಬಹುದು. ಬೀಡಿ ಕಟ್ಟಿನ ಮೇಲೆ ಸಿಕ್ಕ ಜಾಗ ಇಲ್ಲಿಯೂ ಸಿಕ್ಕೀತು. ಊಟವಿಲ್ಲದೆ ನುಂಗಬಾರದ ಮಾತ್ರೆಯ ಮೇಲೆ ಒಂದು ಊಟದ ತಟ್ಟೆಯ ಚಿತ್ರ ಹಾಕಲು ಎಷ್ಟು ಜಾಗ ಬೇಕು? ಒತ್ತಾಯ ಬಂದರೆ ಕಂಪನಿಗಳು ಹೆಸರನ್ನೇ ಬದಲಾಯಿಸುತ್ತವೆ. ಅಮೆರಿಕದಲ್ಲಿ ಮರೆವಿನ ಕಾಯಿಲೆಗೆ ಕೊಡುವ ರೆಮಿನಿಲ್ ಎಂಬ ಮಾತ್ರೆಯ ಬದಲು ಹೆಸರು ಹೋಲುವ ಅಮರಿಲ್ ಕೊಟ್ಟು ಸಾವುಗಳಾದವು. 2005ರಲ್ಲಿ ಆ ಕಂಪನಿ ತನ್ನ ಮಾತ್ರೆಗೆ ರಜಡೈನ್ ಎಂದು ಬೇರೆ ಹೆಸರಿಟ್ಟಿತು. ಅಲ್ಲಿಯ ಮುದುಕರ ಪ್ರಾಣಕ್ಕೆ ಇರುವ ಬೆಲೆ ನಮ್ಮ ಮುದುಕರ ಪ್ರಾಣಕ್ಕೂ ಇರಬೇಕು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ, ಅವುಗಳ ಬೆಲೆಗೆ ಸರ್ಕಾರ ಮಿತಿ ಹಾಕಿದೆ. ಬೆಲೆಯನ್ನು ಕಟ್ಟಬಲ್ಲ ಸರ್ಕಾರ ನಾಲ್ಕು ಕನ್ನಡ ಅಕ್ಷರ ಬರೆಸಲಾರದೆ?

ಮೂರನೆಯದು ಮೂತ್ರಪಿಂಡದ ವಿಷಯ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡವರಿಗೆ ಸಕ್ಕರೆ ಅತಿಯಾಗಿ ಇಳಿಯುವುದು ಅಪರೂಪ. ಅದು ಒಳ್ಳೆಯ, ಅಗ್ಗದ ಔಷಧಿ. ಆದರೆ ಅದು ದೇಹದಿಂದ ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರಪಿಂಡ ಕೆಟ್ಟವರಲ್ಲಿಯೂ, ಒಮ್ಮೆಗೇ ಬಹಳ ನುಂಗಿದವರಲ್ಲಿಯೂ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ರಕ್ತವೇ ಹುಳಿಯಾಗುತ್ತದೆ. ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಏದುಸಿರು ಇದರ ಲಕ್ಷಣ. ಆಗ ಡಯಾಲಿಸಿಸ್ ಬೇಕಾಗಬಹುದು. ಇದೇ ವಂಶದ ಫೆನ್‌ಫಾರ್ಮಿನ್ ಎಂಬ ಮಾತ್ರೆಯನ್ನು ಈ ಕಾರಣಕ್ಕಾಗಿಯೇ ಅಮೆರಿಕ 1977ರಲ್ಲಿ ಮಾರುಕಟ್ಟೆಯಿಂದ ತೆಗೆಯಿತು. ನಮ್ಮ ದೇಶದಲ್ಲಿ ನಿಷೇಧಿಸಿದ್ದು 2003ರಲ್ಲಿ. ನಡುವಿನ 26 ವರ್ಷ ಯಾರ ಮೈಮೇಲೆ ಕಳೆಯಿತು ಎಂದು ಯಾರೂ ಲೆಕ್ಕ ಕೊಡಲಿಲ್ಲ. ಮೂಟೆ ಹೊರುವವರು ಬೆನ್ನುನೋವಿಗೆಂದು ದಿನಾ ನೋವಿನ ಮಾತ್ರೆ ನುಂಗುತ್ತಾರೆ. ಅದು ಮೂತ್ರಪಿಂಡವನ್ನು ಸದ್ದಿಲ್ಲದೆ ತಿನ್ನುತ್ತದೆ. ವಾಂತಿಭೇದಿಯಾದ ದಿನ ದೇಹದ ನೀರು ಬತ್ತಿ ಅಪಾಯ ಇಮ್ಮಡಿಯಾಗುತ್ತದೆ, ಹೆಂಡ ಸೇರಿದರೆ ಇನ್ನೂ ಹೆಚ್ಚು. ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಇಂಗ್ಲಿಷ್ ಔಷಧಿಯ ಗೊಡವೆಯೇ ಬೇಡವೆಂದು ಸಂತೆಯಲ್ಲಿ ಹೆಸರಿಲ್ಲದ ಪುಡಿ ಕೊಳ್ಳುವವರೂ ಇದ್ದಾರೆ. ಅವರಿಗೆ ಸಿಂಗಪುರದ ಸುದ್ದಿ ಹೇಳಬೇಕು. 2008ರ ಮೊದಲ ಐದು ತಿಂಗಳಲ್ಲಿ ಸಕ್ಕರೆ ಕಾಯಿಲೆಯೇ ಇಲ್ಲದ 150 ಮಂದಿ ಸಕ್ಕರೆ ಕುಸಿದು ಅಲ್ಲಿಯ ಆಸ್ಪತ್ರೆಗಳಿಗೆ ಸೇರಿದರು. 4 ಮಂದಿ ಸತ್ತರು. ಅವರು ತೆಗೆದುಕೊಂಡಿದ್ದು ಗಂಡಸುತನ ಹೆಚ್ಚಿಸುವುದೆಂದು ಕದ್ದು ಮಾರುತ್ತಿದ್ದ ಔಷಧಿ. ಅದರಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆತಿತ್ತು. ಬೇರಿನ ಪುಡಿ ಎಂದು ಮಾರಿದ ಮಾತ್ರಕ್ಕೆ ಅದರೊಳಗೆ ಬೇರೇ ಇರಬೇಕೆಂದಿಲ್ಲ.

ಇನ್ನು ಜೀವ ಉಳಿಸುವ ಮಾತು. ಇದನ್ನು ಓದಿ ಓದು ಬಾರದವರಿಗೂ ಹೇಳಿ. ಸಕ್ಕರೆ ಇಳಿದವನಿಗೆ ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಕಣ್ಣು ಮಂಜಾಗುತ್ತದೆ, ಮಾತು ತೊದಲುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಗಿರಣಿಯ ಗೇಟಿನಲ್ಲಿ ಅವನನ್ನು ಕುಡುಕನೆಂದು ಹೊರಗೆ ಹಾಕಬೇಡಿ, ಮನೆಯಲ್ಲಿ ಗಾಳಿ ಸೋಕಿದೆಯೆಂದು ತಾಯಿತಕ್ಕೆ ಓಡಬೇಡಿ. ಎಚ್ಚರವಿದ್ದರೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೆ ಕೊಡಿ, ಆಮೇಲೆ ಊಟ ಕೊಡಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಬೆರೆತ ಮಾತ್ರೆ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆ ಬೇಗ ರಕ್ತಕ್ಕೆ ಸೇರುವುದಿಲ್ಲ. ಅವರು ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬೇಡಿ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನು ಮಾಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಸಕ್ಕರೆ ನೀರು ಕುಡಿದು ಎದ್ದು ಕೂತನೆಂದು 'ಸರಿಹೋಯಿತು' ಎಂದು ಬಿಡಬೇಡಿ. ಸಕ್ಕರೆ ನೀರಿನ ಬಲ ಗಳಿಗೆಗಳದು, ಮಾತ್ರೆಯ ಬಲ ಇಡೀ ದಿನದ್ದು. ಮುದುಕರಲ್ಲಿ, ಮೂತ್ರಪಿಂಡ ಸೋತವರಲ್ಲಿ ಎರಡು ಮೂರು ದಿನದ್ದು. ಸಂಜೆ ಎದ್ದವರು ನಡುರಾತ್ರಿ ಮತ್ತೆ ಬೀಳಬಹುದು. ಅವರನ್ನು ಆಸ್ಪತ್ರೆಯಲ್ಲಿಟ್ಟು ಗಂಟೆಗಂಟೆಗೆ ರಕ್ತ ನೋಡಬೇಕು. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರೂ ಸಕ್ಕರೆ ಮತ್ತೆ ಮತ್ತೆ ಇಳಿದರೆ ಆಕ್ಟ್ರಿಯೋಟೈಡ್ ಎಂಬ ಚುಚ್ಚುಮದ್ದು ಇದೆ. ಮಗು ಆಟವಾಡುತ್ತ ಅಜ್ಜಿಯ ಒಂದೇ ಒಂದು ಮಾತ್ರೆ ನುಂಗಿದ್ದರೂ, ನಗುತ್ತಿದ್ದರೂ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ, ಶೀಟನ್ನೂ ಜೊತೆಗೆ ಕೊಂಡೊಯ್ಯಿರಿ.

ಸಾಲಕ್ಕೆ, ಅವಮಾನಕ್ಕೆ ಬೇಸತ್ತು ಬೇಕೆಂದೇ ನುಂಗಿದವರ ಮನೆಯವರು ಪೊಲೀಸ್ ಕೇಸಿನ ಭಯದಿಂದ ಬಚ್ಚಿಡುತ್ತಾರೆ. ಬಚ್ಚಿಟ್ಟ ಆ ಹೊತ್ತೇ ಪ್ರಾಣ ತೆಗೆಯುತ್ತದೆ. ಅಂಥವರನ್ನು ಶಿಕ್ಷಿಸದೆ ಆರೈಕೆ ಮಾಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಏನು ನುಂಗಿದರು, ಎಷ್ಟು ಹೊತ್ತಾಯಿತು ಎಂಬುದನ್ನು ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಮನಸ್ಸು ಭಾರವಾದವರು ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನು ಮಾಡಬಹುದು, ಹಣ ಬೇಕಿಲ್ಲ.

ಮೆಡಿಕಲ್ ಅಂಗಡಿಯ ಬಂಧುಗಳಿಗೂ ಒಂದು ವಿನಂತಿ. ನೀವು ಊರಿನವರು, ಗಿರಾಕಿಯ ಮನೆ ಬಲ್ಲವರು. ಡಾಕ್ಟರ ಚೀಟಿಯಿಲ್ಲದೆ, ಹಳೆಯ ಶೀಟು ತೋರಿಸಿದ ಮಾತ್ರಕ್ಕೆ ಈ ಮಾತ್ರೆ ಕೊಡಬೇಡಿ. ಕೊಡುವಾಗ 'ಅಣ್ಣಾ, ಊಟವಾಯಿತೇ? ಮನೆಯಲ್ಲಿ ಬೇರೆ ಸಕ್ಕರೆ ಮಾತ್ರೆ ಇದೆಯೇ?' ಎಂದು ಎರಡು ಮಾತು ಕೇಳಿ. ಅದಕ್ಕೆ ಖರ್ಚಿಲ್ಲ.

ಆದರೆ ಒಬ್ಬೊಬ್ಬರ ಎಚ್ಚರಿಕೆಯಿಂದಲೇ ಎಲ್ಲವೂ ಸರಿಹೋಗುವುದಾಗಿದ್ದರೆ ಸರ್ಕಾರ ಏಕೆ ಬೇಕಿತ್ತು? ಸಂತೇಬೆನ್ನೂರಿನಿಂದ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ರಾತ್ರಿ ಹೊತ್ತು ಹೋಗುವುದೆಂದರೇನೆಂದು ಹೋದವರಿಗೆ ಗೊತ್ತು. ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಸಕ್ಕರೆ ಕಾಯಿಲೆಯ ಎಲ್ಲ ಮಾತ್ರೆಗಳ ಮೇಲೆ ಮೂಲ ಹೆಸರು ಮತ್ತು ಎಚ್ಚರಿಕೆ ಕನ್ನಡದಲ್ಲಿ ಇರಬೇಕು. ಊಟವಿಲ್ಲದೆ ನುಂಗಬಾರದ ಮಾತ್ರೆಗೆ ಚಿತ್ರದ ಗುರುತು ಇರಬೇಕು. ಕೀಟನಾಶಕಕ್ಕೆ ಮಾಡಿದಂತೆ ಔಷಧಿಗೂ ಕೇಂದ್ರ ಸರ್ಕಾರ ನಿಯಮ ಮಾಡಲಿ. ಎರಡು, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಗಲೂ ರಾತ್ರಿಯೂ ರಕ್ತದ ಸಕ್ಕರೆ ನೋಡುವ ಯಂತ್ರ, ಗ್ಲೂಕೋಸ್ ಬಾಟಲಿ, ಅದನ್ನು ಹಾಕಬಲ್ಲ ಸಿಬ್ಬಂದಿ ಇರಬೇಕು. ಮೂರು, ರೋಗಿಯ ಕೈಯಲ್ಲಿ ಒಂದೇ ಪುಸ್ತಕವಿರಬೇಕು; ಸರ್ಕಾರಿ ಡಾಕ್ಟರಾಗಲಿ ಖಾಸಗಿ ಡಾಕ್ಟರಾಗಲಿ ಆಶಾ ಕಾರ್ಯಕರ್ತೆಯಾಗಲಿ ಕೊಟ್ಟ ಮಾತ್ರೆಯನ್ನು ಅದರಲ್ಲಿಯೇ ಕನ್ನಡದಲ್ಲಿ ಬರೆಯಬೇಕು. ನಾಲ್ಕು, ಮೂತ್ರಪಿಂಡದ ಪರೀಕ್ಷೆ ಉಚಿತವಾಗಿ ಆಗಬೇಕು. ಐದು, ಗಿರಣಿ, ಭಟ್ಟಿ, ಅಡಿಕೆ ಮನೆಗಳಲ್ಲಿ ಊಟದ ವಿರಾಮವನ್ನು ಕೂಲಿ ಕಡಿಯದೆ ಕೊಡಬೇಕು.

ಸಂಗಾತಿಗಳೇ, ಮುಂದಿನ ಗ್ರಾಮಸಭೆಗೆ ಹೋಗುವಾಗ ನಿಮ್ಮ ಮನೆಯ ಮಾತ್ರೆಯ ಶೀಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅಧಿಕಾರಿಗಳ ಮುಂದೆ ಅದನ್ನು ಇಟ್ಟು 'ಸ್ವಾಮಿ, ಇದರಲ್ಲಿ ಏನು ಬರೆದಿದೆ, ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳಿ' ಎಂದು ಕೇಳಿ. ಹೋಬಳಿಯ ಸಭೆಗಳಲ್ಲೆಲ್ಲ ಈ ಪ್ರಶ್ನೆ ಎದ್ದರೆ ಬೆಂಗಳೂರಿಗೂ ದಿಲ್ಲಿಗೂ ಅದು ಕೇಳಿಸದೆ ಇರದು.